ರ‍್ಯಾನ್ಸಮ್‌ವೇರ್ ವಿರುದ್ಧ ಆ್ಯಂಟಿವೈರಸ್, ಕ್ಲೌಡ್, ಹಾರ್ಡ್ ಡಿಸ್ಕ್: ನನ್ನ ಮತ ಡಿಸ್ಕ್‌ಗೇ

ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್‌ನಿಂದ ಮನೆಯ ಕಂಪ್ಯೂಟರನ್ನು ಕಾಯಲು ನಾನು ನಂಬಿರುವುದು ಕೇಬಲ್ ಕಳಚಿ ಬೀರುವಿನಲ್ಲಿಡುವ ಹಾರ್ಡ್ ಡಿಸ್ಕನ್ನು. ಉಳಿದವನ್ನೂ ಬಳಸಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

‘ಕಳಚಿ’ ಎಂಬುದಕ್ಕೆ ಕಾರಣವಿದೆ. ಪರಿಚಯದ ಡಿಟಿಪಿ ಅಂಗಡಿಯೊಂದಕ್ಕೆ ‘ಸ್ಟಾಪ್’ ಎಂಬ ರ‍್ಯಾನ್ಸಮ್‌ವೇರ್ ನುಗ್ಗಿತ್ತು. ಹೆಚ್ಚಾಗಿ ಕಳ್ಳ ಪ್ರತಿಯ ತಂತ್ರಾಂಶಗಳ ಬೆನ್ನೇರಿ ಬರುವ ವೈರಸ್ ಅದು. ಫೋಲ್ಡರ್‌ಗಳಲ್ಲೆಲ್ಲ ‘ರೀಡ್‌ಮಿ’ ಎಂಬ ಚೀಟಿ: 980 ಡಾಲರ್ ಕೊಡಿ, 72 ಗಂಟೆಯೊಳಗಾದರೆ 490 ಸಾಕು. ಲಗ್ನಪತ್ರಿಕೆಗಳ ವಿನ್ಯಾಸಗಳಲ್ಲಿ ಒಂದೂ ತೆರೆಯಲಿಲ್ಲ. ಬ್ಯಾಕಪ್ ಡಿಸ್ಕ್ ಇತ್ತು, ಆದರೆ ಸದಾ ಕಂಪ್ಯೂಟರ್‌ಗೆ ಸಿಕ್ಕಿಸಿಯೇ ಇರುತ್ತಿದ್ದುದರಿಂದ ಅದರಲ್ಲಿದ್ದುದಕ್ಕೂ ಬೀಗ ಬಿದ್ದಿತ್ತು.

ಹಣ ಕೊಟ್ಟು ಕೊಳ್ಳುವ ಆ್ಯಂಟಿವೈರಸ್ ಕೆಟ್ಟದ್ದೇನಲ್ಲ. ವರ್ಷ ವರ್ಷ ನವೀಕರಣದ ಖರ್ಚು ನನಗೆ ಹೊರೆ, ಅಷ್ಟೇ.

ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಎಂಬ ಆ್ಯಂಟಿವೈರಸ್‌ಗೆ ಖರ್ಚಿಲ್ಲ. ಜಗತ್ತನ್ನೇ ನಡುಗಿಸಿದ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹರಡಿದ್ದು 2017ರ ಮೇ 12ರಂದು. ಅದೇ ಅಕ್ಟೋಬರ್‌ನ ವಿಂಡೋಸ್ 10 ಅಪ್‌ಡೇಟ್‌ನಲ್ಲಿ, ಗುರುತಿಲ್ಲದ ತಂತ್ರಾಂಶಗಳು ಮುಖ್ಯ ಫೋಲ್ಡರ್‌ಗಳನ್ನು ಮುಟ್ಟದಂತೆ ತಡೆಯುವ ಸೌಲಭ್ಯ ಬಂತು. ತಾನಾಗಿ ಚಾಲೂ ಆಗಿರುವುದಿಲ್ಲ, ‘ರ‍್ಯಾನ್ಸಮ್‌ವೇರ್ ರಕ್ಷಣೆ’ ಎಂಬಲ್ಲಿ ಹುಡುಕಿ ಹಚ್ಚಬೇಕು. ಬೇರೆ ಆ್ಯಂಟಿವೈರಸ್ ಕಾವಲಿಗಿದ್ದರೆ ಇದು ಕೆಲಸ ಮಾಡುವುದೂ ಇಲ್ಲ.

ಕನ್ನಡದಲ್ಲಿ ಬರೆಯುವವರಿಗೆ ತೊಡಕಾಗುವುದು ಇಲ್ಲೇ. ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಎರಡು ಪುಟ ಬರೆದು ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ಉಳಿಸಲು ಹೋದರೆ ‘ಕಡತ ಸಿಗಲಿಲ್ಲ’ ಎಂಬ ಸಂದೇಶ. ಹೊಸದಾಗಿ ಉಳಿಸುತ್ತಿರುವ ಕಡತ ಸಿಗುವುದೆಲ್ಲಿಂದ? ಹೆಸರು ಬದಲಿಸಿದೆ, ತಂತ್ರಾಂಶವನ್ನು ಮತ್ತೆ ಹಾಕಿದೆ, ಡಿಸ್ಕ್ ಕೆಟ್ಟಿತೇನೋ ಎಂದು ಪರೀಕ್ಷಿಸಿದೆ. ಡೆಸ್ಕ್‌ಟಾಪ್‌ನಲ್ಲೂ ಅದೇ ಪಾಡು.

ತಡೆದದ್ದು ಡಿಫೆಂಡರ್ ಎಂದು ತಿಳಿದದ್ದು ರಕ್ಷಣಾ ಇತಿಹಾಸದ ಪಟ್ಟಿಯಲ್ಲಿ. ಆ ತಂತ್ರಾಂಶಕ್ಕೆ ಅನುಮತಿ ಕೊಟ್ಟ ಕೂಡಲೇ ಎಲ್ಲವೂ ಸರಿಹೋಯಿತು. ಕಾವಲುಗಾರ ತನ್ನ ಕೆಲಸವನ್ನೇ ಮಾಡಿದ್ದ, ನಿಜ. ಆದರೆ ಇಂಥ ಒಂದು ಸಂಜೆ ಕಳೆದವರು ಸೌಲಭ್ಯವನ್ನೇ ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅನುಮತಿ ಕೊಟ್ಟು ಮುಂದುವರಿಯಿರಿ.

ಕಡತಗಳನ್ನು ಇಂಟರ್ನೆಟ್‌ನಲ್ಲಿ ಇಡುವ ಕ್ಲೌಡ್, ಫೋನಿನಲ್ಲಿ ತೆಗೆದ ಚಿತ್ರಗಳಿಗೆ ಒಳ್ಳೆಯದು. ಗೂಗಲ್ ಡ್ರೈವ್ 15 ಜಿಬಿ, ಒನ್‌ಡ್ರೈವ್ 5 ಜಿಬಿ ಉಚಿತ. ಆದರೆ ಕಂಪ್ಯೂಟರ್‌ನಲ್ಲಿ ಕಡತ ಕೆಟ್ಟರೆ ಕೆಟ್ಟ ಪ್ರತಿಯೇ ಅಲ್ಲಿಗೂ ಏರುತ್ತದೆ. ಹಳೆಯ ಆವೃತ್ತಿಗಳು ಕೆಲಕಾಲ ಉಳಿದಿರುತ್ತವೆ, ಅಷ್ಟರೊಳಗೆ ಎಚ್ಚೆತ್ತುಕೊಳ್ಳಬೇಕು.

ವನ್ನಾಕ್ರೈ ಬಳಸಿದ ಕಿಂಡಿಗೆ ಮೈಕ್ರೋಸಾಫ್ಟ್ ದಾಳಿಗೆ ಮುಂಚೆ, 2017ರ ಮಾರ್ಚ್‌ನಲ್ಲೇ ಅಪ್‌ಡೇಟ್ ಮೂಲಕ ತೇಪೆ ಕೊಟ್ಟಿತ್ತು. ಆದ್ದರಿಂದ ಯಾವುದನ್ನು ಆರಿಸಿದರೂ ಅಪ್‌ಡೇಟ್ ನಿಲ್ಲಿಸಬೇಡಿ.

ಆ್ಯಂಟಿವೈರಸ್ ಚಂದಾ ನವೀಕರಿಸದೆ, ಡಿಫೆಂಡರನ್ನೇ ಇಟ್ಟುಕೊಂಡು, ಉಳಿದ ಹಣಕ್ಕೆ ಎರಡನೆಯ ಡಿಸ್ಕ್ ಕೊಂಡಿದ್ದೇನೆ. ಭಾನುವಾರ ಬೆಳಿಗ್ಗೆ ಸರದಿಯಂತೆ ಒಂದಕ್ಕೆ ನಕಲು ಮಾಡಿ, ತಕ್ಷಣ ಕಳಚುತ್ತೇನೆ. ಸಿಕ್ಕಿಸುವ ಮುನ್ನ ಕಂಪ್ಯೂಟರ್‌ನಲ್ಲಿ ನಾಲ್ಕಾರು ಕಡತಗಳನ್ನು ತೆರೆದು ನೋಡುತ್ತೇನೆ. ಅವು ತೆರೆಯದಿದ್ದರೆ ಆ ದಿನ ಡಿಸ್ಕನ್ನು ಹತ್ತಿರವೂ ತರುವುದಿಲ್ಲ.