ಸಪ್ಪೆ ನೆಗಟಿವ್‌ಗೆ ಯಾವ ಮದ್ದು? ಕ್ಲೋರೇಟ್, ಡೈಕ್ರೋಮೇಟ್, ಎನ್‌ಎ2

ನನ್ನ ಹತ್ತಿರ 4×5 ಇಂಚಿನ ಒಂದು ನೆಗಟಿವ್ ಇದೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟ, ಬೆಳಗಿನ ಮಂಜು. ಎದುರಿನ ಮರದ ಕಾಂಡದಲ್ಲಿ ಬಿಳಿ ಮಚ್ಚೆಗಳು. ಇಡೀ ಚಿತ್ರ ನಿಂತಿರುವುದೇ ಆ ಮಚ್ಚೆಗಳ ಮೇಲೆ. ಆದರೆ ನೆಗಟಿವ್ ತೀರಾ ಸಪ್ಪೆ. ತಿಳಿ ಭಾಗಕ್ಕೂ ದಟ್ಟ ಭಾಗಕ್ಕೂ ಸಾಂದ್ರತೆಯ, ಅಂದರೆ ಬೆಳಕು ತಡೆಯುವ ಅಳತೆಯ, ಅಂತರ 1.2 ಅಷ್ಟೇ. ನಾನು ಮಾಡುವುದು ಪ್ಲಾಟಿನಂ, ಪಲ್ಲಾಡಿಯಂ ಪ್ರಿಂಟ್, ಅಂದರೆ ಕಾಗದಕ್ಕೆ ನಾವೇ ಮಿಶ್ರಣ ಬಳಿದು ಈ ಲೋಹಗಳಲ್ಲೇ ಚಿತ್ರ ಮೂಡಿಸುವುದು. ಅದಕ್ಕೆ 1.8ರಿಂದ 2ರವರೆಗೆ ಬೇಕು. ಏನೂ ಸೇರಿಸದೆ ಪ್ರಿಂಟ್ ಮಾಡಿದರೆ ಮಂಜು, ಮರ, ಮಚ್ಚೆ ಎಲ್ಲ ಒಂದೇ ಬೂದು ಬಣ್ಣ. ಹಾಗಾಗಿ ಇದೇ ನೆಗಟಿವ್ ಇಟ್ಟುಕೊಂಡು ಪ್ರಿಂಟಿನ ಕಾಂಟ್ರಾಸ್ಟ್ ಹೆಚ್ಚಿಸುವ ಮೂರು ದಾರಿ ನೋಡಿದೆ.

ಮೂರರ ಕೆಲಸವೂ ಒಂದೇ ಬಗೆಯದು. ಕಾಗದಕ್ಕೆ ಬಳಿಯುವ ಮಿಶ್ರಣದಲ್ಲಿ ಫೆರಿಕ್ ಆಕ್ಸಲೇಟ್ ಎಂಬ ಕಬ್ಬಿಣದ ಲವಣ ಇರುತ್ತದೆ. ನೇರಳಾತೀತ ಬೆಳಕು ಬಿದ್ದಲ್ಲಿ ಅದು ಫೆರಸ್ ಎಂಬ ಇನ್ನೊಂದು ರೂಪಕ್ಕೆ ತಿರುಗುತ್ತದೆ. ಡೆವಲಪರ್‌ನಲ್ಲಿ ಆ ಫೆರಸ್ ಪ್ಲಾಟಿನಂ ಅಥವಾ ಪಲ್ಲಾಡಿಯಂ ಲೋಹವನ್ನು ಕಾಗದಕ್ಕೆ ಇಳಿಸುತ್ತದೆ. ನಾವು ಸೇರಿಸುವ ವಸ್ತು ಸ್ವಲ್ಪ ಫೆರಸ್ ಅನ್ನು ಕೆಡಿಸಿಬಿಡುತ್ತದೆ. ಬೆಳಕು ಕಡಿಮೆ ಬಿದ್ದ ಕಡೆ ಇರುವುದೇ ಚೂರು, ಅದೂ ಹೋಗುತ್ತದೆ. ಬಿಳಿ ಶುಭ್ರವಾಗುತ್ತದೆ, ಕಪ್ಪಿಗೆ ಅಷ್ಟೇನೂ ಆಗುವುದಿಲ್ಲ. ಬೆಳಕು ಮಾತ್ರ ಜಾಸ್ತಿ ಹೊತ್ತು ಕೊಡಬೇಕು.

ಮೊದಲು ಪೊಟ್ಯಾಶಿಯಂ ಕ್ಲೋರೇಟ್. ಇದು ಹಳೆಯ ಪದ್ಧತಿ. ಫೆರಿಕ್ ಆಕ್ಸಲೇಟ್‌ನ ಎರಡು ಬಾಟಲಿ ಇರುತ್ತವೆ, ಒಂದರಲ್ಲಿ ಕ್ಲೋರೇಟ್ ಬೆರೆತಿರುತ್ತದೆ. ಎಷ್ಟು ಕಾಂಟ್ರಾಸ್ಟ್ ಬೇಕೋ ಅಷ್ಟು ಹನಿ ಎರಡನೆಯದರಿಂದ. ಒಟ್ಟು ಆರು ಹನಿಯಲ್ಲಿ ಎರಡು ಅದರದ್ದು ಹಾಕಿದಾಗ ಮಂಜು ಸ್ವಲ್ಪ ಬಿಡಿಸಿಕೊಂಡಿತು. ಸಾಲಲಿಲ್ಲ. ಆರಕ್ಕೆ ಆರೂ ಅದರದ್ದೇ ಹಾಕಿದೆ. ಕಾಂಟ್ರಾಸ್ಟ್ ಬಂತು, ಆದರೆ ಮಂಜಿನ ಮೇಲೆ ಸಣ್ಣ ರವೆ ಉದುರಿಸಿದ ಹಾಗೆ ಕಾಳು ಕಾಳು. ಒರಟು ಕಲ್ಲು, ಹಳೇ ಗೋಡೆಯ ಚಿತ್ರವಾದರೆ ನಡೆಯುತ್ತಿತ್ತೇನೋ. ಮಂಜಿಗೆ ಅದು ಆಗಿಬರುವುದಿಲ್ಲ.

ಡೈಕ್ರೋಮೇಟ್ ಅಗ್ಗ. ಕಾಗದಕ್ಕೆ ಬಳಿಯುವ ಮಿಶ್ರಣ ಮುಟ್ಟಬೇಕಾಗಿಲ್ಲ, ಪೊಟ್ಯಾಶಿಯಂ ಆಕ್ಸಲೇಟ್ ಡೆವಲಪರ್‌ಗೆ ಕೆಲವು ಹನಿ ಬಿಟ್ಟರೆ ಸಾಕು. ಕಾಳು ಬರಲಿಲ್ಲ, ಬಿಳಿ ಚೆನ್ನಾಗಿ ಬಂತು. ತೊಂದರೆ ಬೇರೆ. ಒಂದೊಂದು ಪ್ರಿಂಟಿಗೂ ಅದರ ಬಲ ಇಳಿಯುತ್ತದೆ, ಎರಡನೆಯ ಪ್ರಿಂಟ್ ಮೊದಲಿನ ಹಾಗೆ ಬರುವುದಿಲ್ಲ. ಮಾಮೂಲಿ ಆಕ್ಸಲೇಟ್ ಅನ್ನು ವರ್ಷಗಟ್ಟಲೆ ಬಳಸಬಹುದು, ಇದಕ್ಕೆ ಬೇರೆ ಬಾಟಲಿಯೇ ಇಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಇದು ಕ್ಯಾನ್ಸರ್ ತರುವ ವಿಷ. ಬಚ್ಚಲಿಗೆ ಸುರಿಯುವ ಹಾಗಿಲ್ಲ. ಮಕ್ಕಳು ಓಡಾಡುವ ಮನೆಯಲ್ಲಿ ಆ ಕಿತ್ತಳೆ ನೀರನ್ನು ಇಡಲು ನನಗೆ ಮನಸ್ಸಾಗಲಿಲ್ಲ. ಅಲ್ಲಿಗೇ ನಿಲ್ಲಿಸಿದೆ.

ಎನ್‌ಎ2 ಅಂದರೆ ಸೋಡಿಯಂ ಕ್ಲೋರೋಪ್ಲಾಟಿನೇಟ್. ಬೆಲೆ ಜಾಸ್ತಿ, ಆದರೆ ಬೇಕಾಗುವುದು ಒಂದೇ ಹನಿ. ಆರು ಹನಿ ಫೆರಿಕ್ ಆಕ್ಸಲೇಟ್, ಆರು ಹನಿ ಪಲ್ಲಾಡಿಯಂ, ಅದಕ್ಕೊಂದು ಹನಿ ಇದು. ಹನಿ ಬದಲಿಸುವುದಿಲ್ಲ, ದ್ರಾವಣದ ಬಲ ಬದಲಿಸುತ್ತೇವೆ. ಶೇಕಡಾ 2.5ರಲ್ಲಿ ಚಿತ್ರ ಇನ್ನೂ ಮಂಕು. 10ರಲ್ಲಿ ಮಂಜೇ ಹಾರಿಹೋಗಿ ಬರೀ ಕಾಗದ ಉಳಿಯಿತು. 5ಕ್ಕೆ ಸರಿಯಾಯಿತು. ಆರು ನಿಮಿಷದ ಬೆಳಕು ಒಂಬತ್ತಕ್ಕೆ ಹೋಯಿತು, ಪರವಾಗಿಲ್ಲ. ತೊಳೆದ ಮೇಲೆ ಹಸಿ ಪ್ರಿಂಟನ್ನು ಕಿಟಕಿ ಹತ್ತಿರ ಹಿಡಿದೆ. ಹಿಂದಿನ ಮರಗಳು ಒಂದರ ಹಿಂದೆ ಒಂದು ಬಿಡಿಬಿಡಿಯಾಗಿ ನಿಂತಿದ್ದವು. ಕಾಂಡದ ಮಚ್ಚೆಗೆ ಅಂಚು ಬಂದಿತ್ತು, ಮಂಜು ಹಾಲಿನ ಕೆನೆಯಷ್ಟು ನಯ. ತುಂಬಾ ಹೊತ್ತು ಹಾಗೇ ನೋಡುತ್ತಾ ನಿಂತೆ.

ಒಂದು ಮಾತು ನೆನಪಿರಲಿ. ಎನ್‌ಎ2 ಒಗ್ಗುವುದು ಬರೀ ಪಲ್ಲಾಡಿಯಂಗೆ. ಮಿಶ್ರಣಕ್ಕೆ ಪ್ಲಾಟಿನಂ ಸೇರಿಸಿದರೆ ಅದರ ಪರಿಣಾಮ ತಗ್ಗುತ್ತದೆ. ಪ್ಲಾಟಿನಂ ಬೇಕೇ ಬೇಕು ಅನ್ನುವವರು ಕ್ಲೋರೇಟ್ ಬಳಸಬಹುದು, ಅದೂ ಮಿತವಾಗಿ. ಪ್ಲಾಟಿನಂ ಲವಣಗಳಿಂದ ಅಲರ್ಜಿ, ಉಬ್ಬಸ ಬರಬಹುದು, ಆದ್ದರಿಂದ ಕೈಗವಸು ಬಿಡಬೇಡಿ. ಒಣ ಕ್ಲೋರೇಟ್ ಕಾಗದಕ್ಕೋ ಬಟ್ಟೆಗೋ ತಾಗಿದರೆ ಬೆಂಕಿಯ ಭಯ.

ಇನ್ನು ಮುಂದೆ ತೆಗೆಯುವ ಫಿಲ್ಮ್‌ಗೆ ಇದೆಲ್ಲ ಬೇಡ, ಅದನ್ನೇ ಜಾಸ್ತಿ ಹೊತ್ತು ಡೆವಲಪ್ ಮಾಡುತ್ತೇನೆ. ಹಳೆಯ ಸಪ್ಪೆ ನೆಗಟಿವ್ ಇನ್ನೂ ಹನ್ನೊಂದು ಉಳಿದಿವೆ. ಅವಕ್ಕೆ ಶೇಕಡಾ 20ರ ಎನ್‌ಎ2 ಒಂದು ಬಾಟಲಿ ತರಿಸುತ್ತಿದ್ದೇನೆ. ಬೇಕಾದ ಬಲಕ್ಕೆ ಡಿಸ್ಟಿಲ್ಡ್ ವಾಟರ್ ಬೆರೆಸಿ ಇಳಿಸಿಕೊಂಡರಾಯಿತು.