ಟರ್ಕಿಗೆ ಉಪ್ಪುನೀರೋ, ಒಣ ಉಪ್ಪೋ, ಮೊಸರು ಮಸಾಲೆಯೋ?

ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಹತ್ತಿರ ಬಂತೆಂದರೆ ಇಲ್ಲಿ ಟೆಕ್ಸಸ್‌ನಲ್ಲಿರುವ ನಮ್ಮ ಕನ್ನಡದ ಗೆಳೆಯರ ನಡುವೆ ಒಂದೇ ಚರ್ಚೆ. ಈ ಸಲ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಟರ್ಕಿ ಕೋಳಿ ಮಾಡುವುದೋ, ಅಥವಾ ಸುಮ್ನೆ ಎರಡು ಕೋಳಿ ತಂದು ಬಿರಿಯಾನಿ ಮಾಡಿ ಮುಗಿಸುವುದೋ? ಬಿರಿಯಾನಿಗೇ ಯಾವಾಗಲೂ ಬಹುಮತ. ಕಾರಣವೂ ಇದೆ. ನಾವೆಲ್ಲ ಅವರಿವರ ಮನೆಯಲ್ಲಿ ತಿಂದ ಟರ್ಕಿ ಹೆಚ್ಚಾಗಿ ನಾರುನಾರು, ಸಪ್ಪೆ. ಕುಂದಾಪುರದಿಂದ ಬಂದಿದ್ದ ನಮ್ಮ ಚಿಕ್ಕಪ್ಪ ಒಂದು ತುಂಡು ಬಾಯಿಗಿಟ್ಟು, "ಹಕ್ಕಿ ದೊಡ್ಡದು ಮಾರಾಯ, ರುಚಿ ಸಣ್ಣದು" ಎಂದು ತಟ್ಟೆ ಪಕ್ಕಕ್ಕೆ ಸರಿಸಿದ್ದರು.

ನಾನು ಟರ್ಕಿಯ ಪರ. ಆದರೆ ಓವನ್‌ನಲ್ಲಿ ಮಾಡಿದ್ದಕ್ಕಲ್ಲ, ಹಿತ್ತಲಿನ ಗ್ರಿಲ್ ಮೇಲೆ ಸುಟ್ಟದ್ದಕ್ಕೆ. ಸುಡುವ ಮೊದಲು ಅದಕ್ಕೆ ಉಪ್ಪು, ಮಸಾಲೆ ಹಿಡಿಸುವುದಕ್ಕೆ ನಾಲ್ಕು ದಾರಿಗಳನ್ನು ಮಾಡಿ ನೋಡಿದ್ದೇನೆ. ನನ್ನ ಹೋಲಿಕೆ ಮಾಡುವ ಕ್ರಮ ಹೀಗಿದೆ. ಹೋದ ವರ್ಷದ ರುಚಿಯನ್ನು ನೆನಪಿಟ್ಟುಕೊಂಡು ಈ ವರ್ಷದ್ದಕ್ಕೆ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ 12 ಪೌಂಡ್, ಅಂದರೆ ಸುಮಾರು ಐದೂವರೆ ಕಿಲೋ ಹಕ್ಕಿಯ ಬೆನ್ನೆಲುಬನ್ನು ಗಟ್ಟಿ ಕತ್ತರಿಯಿಂದ ತೆಗೆದು, ಎದೆಮೂಳೆಯ ನಡುವೆ ಸೀಳಿ ಎರಡು ಹೋಳು ಮಾಡುತ್ತೇನೆ. ಒಂದು ಹೋಳಿಗೆ ಒಂದು ವಿಧಾನ, ಇನ್ನೊಂದಕ್ಕೆ ಅದರ ಎದುರಾಳಿ. ಹಕ್ಕಿಯೂ ಒಂದೇ, ಬೆಂಕಿಯೂ ಒಂದೇ. ಆಗ ಯಾರ ಮಾತಿನಲ್ಲಿ ಎಷ್ಟು ನಿಜ ಇದೆ ಅಂತ ಬಾಯಿಗೇ ತಿಳಿಯುತ್ತದೆ.

ಶುರು ಮಾಡುವ ಮೊದಲು ಚೀಲದ ಮೇಲಿನ ಸಣ್ಣ ಅಕ್ಷರ ಓದಿ. ಅಂಗಡಿಯ ಫ್ರೋಜನ್ ಟರ್ಕಿಗಳಲ್ಲಿ ಬಹಳಷ್ಟಕ್ಕೆ ಕಾರ್ಖಾನೆಯಲ್ಲೇ ಉಪ್ಪುನೀರು ಚುಚ್ಚಿರುತ್ತಾರೆ. ಶೇಕಡಾ 8ರವರೆಗೆ ದ್ರಾವಣ ಇದೆ ಎಂದು ಬರೆದಿರುತ್ತದೆ. ಯಹೂದಿ ಧರ್ಮದ ನಿಯಮದಂತೆ ತಯಾರಿಸಿದ ಕೋಶರ್ ಟರ್ಕಿಗೂ ಮೊದಲೇ ಉಪ್ಪು ಹಿಡಿದಿರುತ್ತದೆ. ಇಂಥವಕ್ಕೆ ಮತ್ತೆ ಉಪ್ಪು ಹಾಕಿದರೆ ಬಾಯಿಗಿಡಲು ಆಗುವುದಿಲ್ಲ. ಕೆಳಗೆ ಹೇಳುವುದೆಲ್ಲ ಏನೂ ಸೇರಿಸದ ಹಕ್ಕಿಯ ಲೆಕ್ಕ. ಇನ್ನು ಹೆಪ್ಪು ಬಿಡಿಸಲು ಫ್ರಿಜ್‌ನಲ್ಲಿ ಪ್ರತಿ 4–5 ಪೌಂಡಿಗೆ ಒಂದು ಇಡೀ ದಿನ ಬೇಕು. 12 ಪೌಂಡಿಗೆ ಮೂರು ದಿನ. ಆಮೇಲೆ ಉಪ್ಪಿನ ಸಮಯ ಬೇರೆ. ಅಂದರೆ ಗುರುವಾರದ ಊಟಕ್ಕೆ ಹಿಂದಿನ ಶನಿವಾರವೇ ಹಕ್ಕಿ ಮನೆಯಲ್ಲಿರಬೇಕು.

ಇನ್ನೊಂದು ಮಾತು. ಅರಿಶಿನ ಹಾಕಿ ಮೂರು ನೀರಿನಲ್ಲಿ ತೊಳೆಯುವ ನಮ್ಮ ಅಭ್ಯಾಸ ಇಲ್ಲಿ ಬೇಡ. ತೊಳೆದಾಗ ಸಿಡಿಯುವ ನೀರಿನಿಂದ ಸಿಂಕು, ಕಟ್ಟೆ ಎಲ್ಲದಕ್ಕೂ ಬ್ಯಾಕ್ಟೀರಿಯಾ ಹರಡುತ್ತದೆ ಎಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಪೇಪರ್ ಟವಲ್‌ನಿಂದ ಒತ್ತಿ ಒರೆಸಿದರೆ ಸಾಕು. ನನ್ನ ಹೆಂಡತಿ ಇದನ್ನು ಇನ್ನೂ ಒಪ್ಪಿಲ್ಲ. ಆ ಹೊತ್ತಿಗೆ ಅವಳು ಅಡುಗೆಮನೆಯಿಂದ ಹೊರಗೆ ಹೋಗುತ್ತಾಳೆ.

ಮೊದಲು ಉಪ್ಪುನೀರು. ಇಲ್ಲಿಯವರು ಬ್ರೈನ್ ಅನ್ನುತ್ತಾರೆ. 4 ಲೀಟರ್ ನೀರಿಗೆ 200 ಗ್ರಾಂ ಉಪ್ಪು, ಸ್ವಲ್ಪ ಸಕ್ಕರೆ, ಕಾಳುಮೆಣಸು, ದಾಲ್ಚಿನ್ನಿ ಎಲೆ. ಅದರಲ್ಲಿ ಹಕ್ಕಿಯನ್ನು 12ರಿಂದ 18 ಗಂಟೆ ಮುಳುಗಿಸಿಡಬೇಕು. ಉಪ್ಪನ್ನು ತೂಕ ಮಾಡಿಯೇ ಹಾಕಿ. ಇಲ್ಲಿನ ಅಡುಗೆ ಬರಹಗಳಲ್ಲಿ 'ಒಂದು ಕಪ್ ಉಪ್ಪು' ಎಂದಿರುತ್ತದೆ. ಹಗುರ ಹರಳಿನ ಡೈಮಂಡ್ ಕ್ರಿಸ್ಟಲ್ ಉಪ್ಪು ಒಂದು ಕಪ್‌ಗೆ 140 ಗ್ರಾಂ ಆಸುಪಾಸು ಬರುತ್ತದೆ. ಅದೇ ಕಪ್ ತುಂಬ ಪುಡಿ ಉಪ್ಪು ಹಾಕಿದರೆ ಹೆಚ್ಚುಕಡಿಮೆ ಎರಡರಷ್ಟು ತೂಗುತ್ತದೆ.

ಇದರಿಂದ ಮಾಂಸ ಒಣಗುವುದಿಲ್ಲ, ಅದು ನಿಜ. ಉಪ್ಪು ಒಳಗಿನ ಪ್ರೋಟೀನನ್ನು ಸಡಿಲಿಸುತ್ತದೆ. ಬಿಸಿ ತಾಗಿದಾಗ ಅದು ಹೆಚ್ಚು ಮುದುಡದೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಹಾಗೆ ಒಳಗೆ ನಿಲ್ಲುವುದರಲ್ಲಿ ಒಂದು ಪಾಲು ನಲ್ಲಿ ನೀರೇ ಅಲ್ವಾ? ತಿನ್ನುವಾಗ ಅದು ಗೊತ್ತಾಗುತ್ತದೆ. ತುಂಡು ರಸರಸವಾಗಿದೆ, ರುಚಿ ತೆಳುವಾಗಿದೆ. ಮೆಣಸು, ಎಲೆ ಹಾಕಿದ್ದು ಮೂಗಿಗೆ ಚೂರು ತಾಗುತ್ತದೆ ಅಷ್ಟೇ. ಚರ್ಮವಂತೂ ರಬ್ಬರು. ಅಷ್ಟು ಹೊತ್ತು ನೀರಿನಲ್ಲಿ ನೆನೆದ ಚರ್ಮ ಗರಿಗರಿ ಆಗುವುದು ಕಷ್ಟ. ಅದಕ್ಕಿಂತ ದೊಡ್ಡ ತಲೆನೋವು ಜಾಗ. ಆ ಪಾತ್ರೆ 4 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ದೋಸೆ ಹಿಟ್ಟು, ಮೊಸರಿನ ಡಬ್ಬ, ಹಬ್ಬದ ಸಿಹಿ ಎಲ್ಲ ಇರುವ ಫ್ರಿಜ್‌ನಲ್ಲಿ ಬಕೆಟ್ ಎಲ್ಲಿಡುತ್ತೀರಿ? ಐಸ್ ತುಂಬಿದ ಕೂಲರ್‌ನಲ್ಲಿ ಇಡಬಹುದು. ಆಗ ರಾತ್ರಿ ಎದ್ದು ಐಸ್ ನೋಡಬೇಕು. ನನಗೆ ಅಷ್ಟು ಭಕ್ತಿ ಇಲ್ಲ.

ಒಣ ಉಪ್ಪಿನ ಹೋಳನ್ನು ಇದರ ಪಕ್ಕದಲ್ಲಿಟ್ಟು ಸುಟ್ಟಾಗ ತೀರ್ಪಿಗೆ ಹೊತ್ತೇ ಬೇಕಾಗಲಿಲ್ಲ. ಮಾಡುವುದೂ ಸುಲಭ. ಪ್ರತಿ ಕಿಲೋಗೆ ಸುಮಾರು 6 ಗ್ರಾಂ ಉಪ್ಪು. ಇಡೀ ಹಕ್ಕಿಗೆ ಲೆಕ್ಕ ಹಾಕಿದರೆ 33 ಗ್ರಾಂ ಹತ್ತಿರ. ಎದೆಯ ದಪ್ಪ ಭಾಗಕ್ಕೆ ಸ್ವಲ್ಪ ಜಾಸ್ತಿ, ರೆಕ್ಕೆಗೆ ಕಮ್ಮಿ. ಬೆರಳು ಹಾಕಿ ಚರ್ಮವನ್ನು ಮಾಂಸದಿಂದ ಬಿಡಿಸಿ, ಉಪ್ಪಿನ ಒಂದು ಪಾಲು ಅದರ ಕೆಳಗೂ ಸವರಿ. ಮೇಲಿನ ಪಾಲಿಗೆ ಒಂದು ಚಮಚ ಬೇಕಿಂಗ್ ಪೌಡರ್ ಬೆರೆಸಿದರೆ ಚರ್ಮ ಚೆನ್ನಾಗಿ ಕೆಂಪಾಗುತ್ತದೆ. ತಟ್ಟೆಯ ಮೇಲೆ ಜಾಲರಿ ಇಟ್ಟು, ಅದರ ಮೇಲೆ ಹಕ್ಕಿ, ಏನೂ ಮುಚ್ಚದೆ ಒಂದೆರಡು ದಿನ ಫ್ರಿಜ್‌ನ ಕೆಳಗಿನ ಶೆಲ್ಫ್‌ನಲ್ಲಿ. ಉಪ್ಪು ಮೊದಲು ನೀರನ್ನು ಹೊರಗೆಳೆಯುತ್ತದೆ. ಅದೇ ನೀರಿನಲ್ಲಿ ಕರಗಿ ನಿಧಾನ ಮತ್ತೆ ಒಳಗೆ ಹೋಗುತ್ತದೆ. ಹೊರಗಿನ ನೀರು ಒಂದು ಹನಿಯೂ ಸೇರುವುದಿಲ್ಲ. ಫ್ರಿಜ್‌ನ ಒಣ ಗಾಳಿಗೆ ಚರ್ಮ ಕಾಗದದ ಹಾಗೆ ಬಿಗಿಯುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋದ ಜೂನಿ ಕೆಫೆಯ ಜೂಡಿ ರಾಜರ್ಸ್ ಕೋಳಿಗೆ ಹೀಗೆ ಮೊದಲೇ ಉಪ್ಪು ಹಾಕಿಡುತ್ತಿದ್ದರು. 2006ರಲ್ಲಿ ಲಾಸ್ ಏಂಜಲಿಸ್ ಟೈಮ್ಸ್‌ನ ರಸ್ ಪಾರ್ಸನ್ಸ್ ಅದನ್ನೇ ಟರ್ಕಿಗೆ ಮಾಡಿ ಬರೆದ ಮೇಲೆ ಈ ದಾರಿ ಮನೆಮನೆಗೆ ಹರಡಿತು. ಹರಡಬೇಕಾದದ್ದೇ. ಎದೆಯ ನಡುಭಾಗದಲ್ಲೂ ಉಪ್ಪು ಹದವಾಗಿತ್ತು. ಟರ್ಕಿಗೂ ಒಂದು ಸ್ವಂತ ರುಚಿ ಇದೆ ಅಂತ ನನಗೆ ಗೊತ್ತಾದದ್ದು ಆ ಹೋಳಿನಲ್ಲಿ.

ಆದರೆ ನಮ್ಮ ನಾಲಿಗೆ ಅಷ್ಟಕ್ಕೆ ಸುಮ್ಮನಾಗುತ್ತದೆಯೇ? ಮಸಾಲೆ ಎಲ್ಲಿ ಎಂದು ಕೇಳುತ್ತದೆ. ಹಾಗಾಗಿ ಒಣ ಉಪ್ಪಿನ ಎದುರು ಮೊಸರು ಮಸಾಲೆ ನಿಲ್ಲಿಸಿದೆ. ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿಟ್ಟು ನೀರಿಳಿಸಿದ ಗಟ್ಟಿ ಮೊಸರು, ಶುಂಠಿ ಬೆಳ್ಳುಳ್ಳಿ ಪೇಸ್ಟ್, ಬ್ಯಾಡಗಿ ಮೆಣಸಿನ ಪುಡಿ, ಧನಿಯಾ, ಜೀರಿಗೆ, ಗರಂ ಮಸಾಲೆ, ಸ್ವಲ್ಪ ಸಾಸಿವೆ ಎಣ್ಣೆ. ತಂದೂರಿಗೆ ಮಾಡುವ ಹಾಗೆಯೇ.

ಇಲ್ಲಿ ಒಂದು ಭ್ರಮೆ ಬಿಡಬೇಕು. ಎಷ್ಟು ಹೊತ್ತು ಇಟ್ಟರೂ ಮಸಾಲೆ ಒಳಗೆ ಹೋಗುವುದಿಲ್ಲ. ಬೆಂದ ಎದೆಯನ್ನು ಅಡ್ಡ ಕತ್ತರಿಸಿ ನೋಡಿ. ಅಂಚಿನಲ್ಲಿ ಕೆಂಪು ಗೆರೆ, ಕೆಲವೇ ಮಿಲಿಮೀಟರು. ಮಿಕ್ಕದ್ದೆಲ್ಲ ಬಿಳಿ. ಒಳಗಿನವರೆಗೆ ಹೋಗುವುದು ಉಪ್ಪು ಒಂದೇ. ಕೋಳಿ ತುಂಡಿಗೆ ಇದು ಗೊತ್ತಾಗುವುದಿಲ್ಲ, ಏಕೆಂದರೆ ಅದು ತೆಳು. ಪ್ರತಿ ತುತ್ತಿಗೂ ಹೊರಗಿನ ಮಸಾಲೆ ಸಿಗುತ್ತದೆ. ಟರ್ಕಿ ಎದೆ ಎರಡು ಮೂರು ಇಂಚು ದಪ್ಪ. ಮೊಸರಿನ ಮಸಾಲೆಗೆ ಉಪ್ಪನ್ನು ಕೈ ಹಿಡಿದು ಹಾಕಿದರೆ ಒಳಗೆ ಪೂರಾ ಸಪ್ಪೆ. ಅದೇ ಕಿಲೋಗೆ 6 ಗ್ರಾಂ ಲೆಕ್ಕದಲ್ಲಿ ಮೊಸರಿಗೇ ಉಪ್ಪು ಹಾಕಿ ಒಂದು ದಿನ ಇಟ್ಟಾಗ ಒಣ ಉಪ್ಪಿಗೆ ಹೆಚ್ಚುಕಡಿಮೆ ಸಮ ಬಂತು. ಮೊಸರು ಮೆತ್ತಗೆ ಮಾಡುತ್ತದೆ ಎಂದು ನಾವು ಹೊಗಳುವ ಕೆಲಸದಲ್ಲಿ ದೊಡ್ಡ ಪಾಲು ಅದರೊಳಗಿನ ಉಪ್ಪಿನದೇ.

ಮೊಸರಿನ ಹುಳಿ ಮೇಲ್ಪದರವನ್ನು ಮಾತ್ರ ಮೃದು ಮಾಡುತ್ತದೆ. ನಿಂಬೆ, ವಿನೆಗರ್‌ಗೆ ಹೋಲಿಸಿದರೆ ಅದು ಸೌಮ್ಯ. ಆದರೂ ಒಂದು ದಿನ ದಾಟಿಸಬೇಡಿ. ಹಸಿ ಪಪ್ಪಾಯಿಯಂತೂ ಬೇಡವೇ ಬೇಡ. ಅದರ ಕಿಣ್ವ ಮೇಲ್ಪದರವನ್ನು ಗಂಜಿ ಮಾಡುತ್ತದೆ, ಒಳಗೆ ಹಾಗೆಯೇ ಬಿಡುತ್ತದೆ. ಚರ್ಮದ ವಿಷಯದಲ್ಲಿ ಮೊಸರು ಸೋಲುತ್ತದೆ. ಒದ್ದೆ ಲೇಪದ ಕೆಳಗೆ ಚರ್ಮ ಸುಡುವುದಿಲ್ಲ, ಬೇಯುತ್ತದೆ. ಚರ್ಮ ತೆಗೆದೇ ಹಚ್ಚುವುದು ಸರಿ.

ಗೆಲ್ಲುವುದು ಎಲ್ಲಿ ಗೊತ್ತಾ? ಕಾಲು, ತೊಡೆಯಲ್ಲಿ. ಚರ್ಮ ತೆಗೆದು, ಮೂಳೆ ಮುಟ್ಟುವ ತನಕ ಮೂರ್ನಾಲ್ಕು ಕಡೆ ಚಾಕುವಿನಿಂದ ಗೀರಿ, ಗೀರಿನೊಳಗೆ ಮಸಾಲೆ ತುರುಕಿದರೆ ಟರ್ಕಿ ತೊಡೆ ಅದ್ಭುತ. ಕೊಬ್ಬು, ನಾರು ಜಾಸ್ತಿ ಇರುವ ಕಪ್ಪು ಮಾಂಸ ಅದು. ಖಾರ, ಹುಳಿ, ಅಂಚಿನ ಸುಟ್ಟ ಘಮ ಎಲ್ಲವನ್ನೂ ತಡೆದುಕೊಳ್ಳುತ್ತದೆ. ಎದೆಯನ್ನು ಹಾಗೆ ಗೀರಬೇಡಿ. ಗೀರಿದ ಅಂಚುಗಳೆಲ್ಲ ಮೊದಲು ಒಣಗುತ್ತವೆ.

ನಾಲ್ಕನೆಯದು ಇಂಜೆಕ್ಷನ್. ಲೂಸಿಯಾನಾ ಕಡೆಯವರು ಟರ್ಕಿಯನ್ನು ಎಣ್ಣೆಯಲ್ಲಿ ಇಡಿಯಾಗಿ ಕರಿಯುವ ಮೊದಲು ದಪ್ಪ ಸೂಜಿಯಿಂದ ಬೆಣ್ಣೆ, ಕೇಜನ್ ಮಸಾಲೆ ಒಳಗೆ ಚುಚ್ಚುತ್ತಾರೆ. ಟೆಕ್ಸಸ್ ಅಂಗಡಿಗಳಲ್ಲಿ ಸೂಜಿಯ ಸಮೇತ ಬಾಟಲಿ ಸಿಗುತ್ತದೆ. ಸಮಯವಿಲ್ಲದವರಿಗೆ ಇದೊಂದೇ ದಾರಿ, ಅದನ್ನು ಒಪ್ಪುತ್ತೇನೆ. ಉಳಿದಂತೆ ಹೇಳುವಂಥದ್ದಿಲ್ಲ. ಫ್ರಿಜ್‌ನಿಂದ ತೆಗೆದ ಮಾಂಸದೊಳಗೆ ಬೆಣ್ಣೆ ಹೆಪ್ಪುಗಟ್ಟುತ್ತದೆ, ಮಸಾಲೆಯ ತರಿ ಸೂಜಿಗೆ ಸಿಕ್ಕಿಕೊಳ್ಳುತ್ತದೆ. ಒಂದು ತುತ್ತು ಉಪ್ಪುಪ್ಪು, ಮುಂದಿನದು ಸಪ್ಪೆ.

ಬೆಂಕಿಯ ವಿಷಯ. ಕೆಂಡದ ನೇರ ಮೇಲೆ ಟರ್ಕಿ ಇಡಬೇಡಿ. ಹೊರಗೆ ಕರಿ, ಒಳಗೆ ಹಸಿ ಆಗುತ್ತದೆ. ನನ್ನದು ದುಂಡಗಿನ ಕೆಟಲ್ ಗ್ರಿಲ್. 1952ರಲ್ಲಿ ಶಿಕಾಗೋದ ವೆಬರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಸ್ಟೀಫನ್ ಲೋಹದ ತೇಲುಗುಂಡನ್ನು ಎರಡು ಭಾಗ ಮಾಡಿ ಕಟ್ಟಿದ ವಿನ್ಯಾಸವೇ ಇದು. ಮುಚ್ಚಳ ಇರುವುದರಿಂದ ಬಿಸಿ ಒಳಗೇ ಸುತ್ತುತ್ತದೆ. ಕೆಂಡವನ್ನು ಎರಡು ಬದಿಗೆ ಸರಿಸಿ, ನಡುವೆ ಕೊಬ್ಬು ಬೀಳಲು ಅಲ್ಯೂಮಿನಿಯಂ ತಟ್ಟೆ ಇಟ್ಟು, ಅದರ ಮೇಲೆ ಹಕ್ಕಿ. ಕಾಲುಗಳು ಕೆಂಡದ ಕಡೆ, ಎದೆ ನಡುವಿಗೆ. ಮುಚ್ಚಳದೊಳಗೆ 350 ಡಿಗ್ರಿ ಫ್ಯಾರನ್‌ಹೀಟ್ ಸುತ್ತಮುತ್ತ ಇದ್ದರೆ ಸೀಳಿದ 12 ಪೌಂಡ್ ಹಕ್ಕಿಗೆ ಒಂದೂವರೆ ಗಂಟೆಯ ಆಸುಪಾಸು ಸಾಕು. ಪದೇ ಪದೇ ಮುಚ್ಚಳ ತೆಗೆದು ಇಣುಕಿದರೆ ಎರಡು ಗಂಟೆ ದಾಟುತ್ತದೆ.

ಇದ್ದಿಲೋ, ಗ್ಯಾಸೋ? ಒಣ ಉಪ್ಪಿನದಕ್ಕೆ ಇದ್ದಿಲು, ಅದರ ಮೇಲೆ ಒಂದು ತುಂಡು ಸೇಬಿನ ಇಲ್ಲವೇ ಪೀಕಾನ್ ಮರದ ಕಟ್ಟಿಗೆ. ಟರ್ಕಿ ಹೊಗೆಯನ್ನು ಬೇಗ ಹೀರುತ್ತದೆ, ಕಟು ಹೊಗೆಯ ಮೆಸ್ಕೀಟ್ ಕಟ್ಟಿಗೆ ಹಾಕಿದರೆ ಕಹಿ. ಮೊಸರು ಮಸಾಲೆಗೆ ಗ್ಯಾಸ್ ಗ್ರಿಲ್ ಧಾರಾಳ ಸಾಕು. ಅಷ್ಟು ಗರಂ ಮಸಾಲೆಯ ಎದುರು ಸೇಬಿನ ಹೊಗೆಯ ನಾಜೂಕು ಯಾರಿಗೂ ತಿಳಿಯುವುದಿಲ್ಲ.

ಹೊತ್ತು ನೋಡಿ ಇಳಿಸಬೇಡಿ, ಥರ್ಮಾಮೀಟರ್ ನೋಡಿ ಇಳಿಸಿ. ಟರ್ಕಿ 165 ಡಿಗ್ರಿ, ಅಂದರೆ 74 ಸೆಲ್ಸಿಯಸ್ ಮುಟ್ಟಬೇಕು ಎಂಬುದು ಇಲ್ಲಿನ ಸರ್ಕಾರದ ಸೂಚನೆ. ಎದೆ 160 ಆದಾಗ ಇಳಿಸುತ್ತೇನೆ. ಅರ್ಧ ಗಂಟೆ ಸುಮ್ಮನೆ ಬಿಟ್ಟಾಗ ಒಳಗಿನ ಬಿಸಿಗೇ ಅದು 165 ದಾಟುತ್ತದೆ. ಮುಟ್ಟಿತೇ ಎಂದು ಮತ್ತೊಮ್ಮೆ ಚುಚ್ಚಿ ನೋಡಿ. ತೊಡೆಗೆ 175 ಬೇಕು. ಅದಕ್ಕಿಂತ ಮೊದಲು ಇಳಿಸಿದರೆ ರಬ್ಬರಿನ ಹಾಗೆ ಜಗಿಯಬೇಕಾಗುತ್ತದೆ.

ಇಷ್ಟಾದ ಮೇಲೆ ನಾನು ನಿಂತಿರುವ ಜಾಗ ಇದು. ಇಡೀ ಹಕ್ಕಿಗೆ ಒಂದೇ ವಿಧಾನ ಎಂಬ ಹಟ ಬಿಟ್ಟಿದ್ದೇನೆ. ಕಾಲು, ತೊಡೆಯನ್ನು ಬೇರೆ ಮಾಡಿ ಉಪ್ಪು ಲೆಕ್ಕದ ಮೊಸರು ಮಸಾಲೆಗೆ. ಎದೆ ಮೂಳೆ ಸಮೇತ ಒಣ ಉಪ್ಪಿಗೆ. ಎದೆಗೆ ಮಸಾಲೆ ಬೇಕೆಂದರೆ ಅದು ಕೊನೆಗೆ ಬರುತ್ತದೆ. ನಮ್ಮ ಕುಂದಾಪುರದ ಘೀ ರೋಸ್ಟ್ ಮಸಾಲೆ: ಹುರಿದ ಬ್ಯಾಡಗಿ, ಧನಿಯಾ, ಜೀರಿಗೆ, ನಾಲ್ಕು ಕಾಳು ಮೆಂತ್ಯ, ಕಾಳುಮೆಣಸು, ಬೆಳ್ಳುಳ್ಳಿ, ಹುಣಸೆ ರುಬ್ಬಿ, ತುಪ್ಪ ಬಿಡುವವರೆಗೆ ಬಾಡಿಸಿ, ಚೂರು ಬೆಲ್ಲ. ಉಪ್ಪು ಹಾಕಬೇಡಿ, ಮಾಂಸದಲ್ಲಿ ಇದೆ. ಎದೆ 140 ಡಿಗ್ರಿ ದಾಟಿದ ಮೇಲೆ ಬ್ರಷ್‌ನಿಂದ ಸವರಿ. ಮೊದಲೇ ಹಚ್ಚಿದರೆ ಬೆಲ್ಲ ಕರಿಯಾಗುತ್ತದೆ. ಬೆಣ್ಣೆಯಲ್ಲಿ ನೀರಿನಂಶ ಇರುತ್ತದೆ, ಗರಿಯಾದ ಚರ್ಮ ಮೆತ್ತಗಾಗುತ್ತದೆ. ತುಪ್ಪಕ್ಕೆ ಆ ತೊಂದರೆ ಇಲ್ಲ.

ಬಾಲ್ಕನಿಯಲ್ಲಿ ಗ್ರಿಲ್ ಇಡಲು ಬಿಡದ ಅಪಾರ್ಟ್‌ಮೆಂಟಿನಲ್ಲಿರುವವರು ಬರೀ ಟರ್ಕಿ ತೊಡೆ ತನ್ನಿ. ಮೊಸರು ಹಚ್ಚಿ ಓವನ್‌ನಲ್ಲಿ ಬೇಯಿಸಿ, ಕೊನೆಯ ಐದು ನಿಮಿಷ ಓವನ್‌ನಲ್ಲಿ ಮೇಲಿನಿಂದ ಬಿಸಿ ಕೊಡುವ ಬ್ರಾಯ್ಲರ್ ಕೆಳಗೆ ಇಟ್ಟರೆ ಅಂಚು ಕರಿಯಾಗುತ್ತದೆ. ಹೊಗೆ ಇಲ್ಲ ಅನ್ನುವುದು ಬಿಟ್ಟರೆ ಕೊರತೆ ಇಲ್ಲ.

ಮರುದಿನದ ಹೋಲಿಕೆಯೂ ಉಂಟು, ಏಕೆಂದರೆ ಟರ್ಕಿ ಒಂದೇ ದಿನಕ್ಕೆ ಮುಗಿಯುವ ಹಕ್ಕಿಯಲ್ಲ. ಉಪ್ಪುನೀರಿನದು ತಣ್ಣಗಾದ ಮೇಲೆ ಸ್ಪಂಜಿನಂತೆ, ನನಗೆ ಸೇರುವುದಿಲ್ಲ. ಒಣ ಉಪ್ಪಿನ ಎದೆ ತೆಳ್ಳಗೆ ಹೆಚ್ಚಿ ಸ್ಯಾಂಡ್‌ವಿಚ್‌ಗೆ ಸೊಗಸು. ಮತ್ತೆ ಬಿಸಿ ಮಾಡಿದರೆ ಮಾತ್ರ ಕೆಟ್ಟಿತು. ಮೊಸರಿನ ತೊಡೆ ಬಿಡಿಸಿ, ಈರುಳ್ಳಿ, ಹುರಿದ ಕಾಯಿತುರಿ ಹಾಕಿ ಸುಕ್ಕ ಮಾಡಿದರೆ ನೀರುದೋಸೆ ಜೊತೆ ಮೊದಲ ದಿನಕ್ಕಿಂತ ರುಚಿ. ಮೂರ್ನಾಲ್ಕು ದಿನದೊಳಗೆ ಮುಗಿಸಿ. ಮೂಳೆ ಎಸೆಯಬೇಡಿ, ಕಾಳುಮೆಣಸು ಹಾಕಿ ಕುದಿಸಿದರೆ ಸಾರಿಗೆ ಆಗುತ್ತದೆ.