ಎನ್‌ವಿಡಿಎ: ಓದುವವನು ಸಿದ್ಧ, ಓದಿಸಿಕೊಳ್ಳಬೇಕಾದ ಕಡತ ಸಿದ್ಧವಿಲ್ಲ

ಕಣ್ಣು ಕಾಣದವರಿಗೆ ಕಂಪ್ಯೂಟರಿನ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶವನ್ನು ಹಲವು ವರ್ಷಗಳಿಂದ ಕಚೇರಿಯಲ್ಲೂ ಮನೆಯಲ್ಲೂ ಬಳಸುತ್ತಿದ್ದೇನೆ. ಒಂದು ರೂಪಾಯಿ ಖರ್ಚಾಗಿಲ್ಲ. 2006ರಲ್ಲಿ ಇದನ್ನು ಬರೆಯಲು ತೊಡಗಿದ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಅವರೂ ದೃಷ್ಟಿಹೀನರೇ. ಬಳಸುವವರೇ ಮಾಡಿದ್ದು ಎನ್ನುವುದು ಕೈಗೆ ಗೊತ್ತಾಗುತ್ತದೆ. ಜಾಲತಾಣದಲ್ಲಿ ಎಚ್ ಒತ್ತಿದರೆ ಮುಂದಿನ ಶೀರ್ಷಿಕೆ, ಎಫ್ ಒತ್ತಿದರೆ ಅರ್ಜಿಯ ಮುಂದಿನ ಖಾನೆ. ಮಾತು ಸಾಕೆನಿಸಿದರೆ ಕಂಟ್ರೋಲ್ ಕೀಲಿ ಮುಟ್ಟಿದರಾಯಿತು, ಬಾಯಿ ಮುಚ್ಚುತ್ತದೆ. ಮನುಷ್ಯರಿಗೂ ಇಂಥದ್ದೊಂದು ಕೀಲಿ ಇರಬಾರದಿತ್ತೇ ಎಂದು ಸಭೆಗಳಲ್ಲಿ ಅನಿಸಿದ್ದುಂಟು.

ಜೊತೆಗೇ ಬರುವ ಇ-ಸ್ಪೀಕ್ ಎಂಬ ಯಂತ್ರದನಿ ಕನ್ನಡವನ್ನೂ ಓದುತ್ತದೆ. ದನಿ ಒಣ ಯಂತ್ರದ್ದು, ಕಥೆ ಕಾದಂಬರಿಗೆ ಸಲ್ಲದು. ಕಡತಕ್ಕೆ ಮಾತ್ರ ಅದೇ ಒಳ್ಳೆಯದು: ವೇಗವನ್ನು ಎಷ್ಟೇ ಏರಿಸಿದರೂ ಅಕ್ಷರ ಕಲಸಿಹೋಗುವುದಿಲ್ಲ. ಪಕ್ಕದ ಮೇಜಿನವರಿಗೆ ಅದು ಬರೀ ಗದ್ದಲ, ನನಗೆ ಪೂರ್ತಿ ಸುತ್ತೋಲೆ.

ಆದರೆ ಸುತ್ತೋಲೆ ಯೂನಿಕೋಡ್‌ನಲ್ಲಿರಬೇಕು, ಅಂದರೆ ಕನ್ನಡ ಅಕ್ಷರಕ್ಕೆ ಕನ್ನಡದ್ದೇ ಸಂಕೇತವಿರುವ ವ್ಯವಸ್ಥೆಯಲ್ಲಿ. ನಮ್ಮ ಸಂಕಟವೆಲ್ಲ ಇಲ್ಲಿಯೇ. ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಕಡತ ಕಣ್ಣಿಗೆ ಚೊಕ್ಕ ಕನ್ನಡ. ಅದರ ಒಳಗಿರುವುದು ಲ್ಯಾಟಿನ್ ಗುರುತುಗಳು. ‘ಕನ್ನಡ’ ಎಂದು ಬರೆದ ಕಡೆ ಬಾಣದ ಕೀಲಿ ಒತ್ತಿ ಒಂದೊಂದಾಗಿ ಕೇಳಿದರೆ ಮೊದಲು ಪಿ, ಆಮೇಲೆ ಗ್ರೇವ್ ಗುರುತಿನ ಎ, ಅದರ ಹಿಂದೆ ಪೌಂಡ್ ಚಿಹ್ನೆ! ಎನ್‌ವಿಡಿಎ ತಪ್ಪೇನಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದೆ. ನುಡಿಯನ್ನು ದೂರುವುದೂ ಸರಿಯಲ್ಲ, ಅದರಲ್ಲಿ ಯೂನಿಕೋಡ್ ಆಯ್ಕೆ ಇದೆ. ಬೆರಳಚ್ಚು ಮಾಡುವವರ ಕೈ ಆ ಕಡೆ ಹೋಗುವುದಿಲ್ಲ, ಅಷ್ಟೇ. ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಳ್ಳಬಹುದು. ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಇನ್ನೊಮ್ಮೆ ಕೇಳಿ ನೋಡುವುದು ಒಳ್ಳೆಯದು.

ಇದಕ್ಕಿಂತ ಕಿರಿಕಿರಿಯದು ಮುದ್ರಿಸಿ, ಸಹಿ ಹಾಕಿ, ಮತ್ತೆ ಸ್ಕ್ಯಾನ್ ಮಾಡಿದ ಪಿಡಿಎಫ್. ಅದರಲ್ಲಿರುವುದು ಅಕ್ಷರಗಳಲ್ಲ, ಪುಟದ ಚಿತ್ರ; ತೆರೆದರೆ ಮೌನ. ಕೇಳಿದರೆ, “ಕಳುಹಿಸಿದ್ದೇವಲ್ಲ ಸರ್, ಓದಿಕೊಳ್ಳಿ” ಎಂಬ ಉತ್ತರ. ಗೂಗಲ್ ಡ್ರೈವ್‌ಗೆ ಏರಿಸಿ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರಗಳು ಸಿಗುತ್ತವೆ, ಗದ್ಯಕ್ಕೆ ಅಷ್ಟು ಸಾಕು. ಕೋಷ್ಟಕವಿದ್ದರೆ ಯಾರ ಹೆಸರಿಗೆ ಯಾವ ಅಂಕಿ ಸೇರಿತೋ ದೇವರಿಗೇ ಗೊತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಂ, ಮಾಹಿತಿ ನಮ್ಮ ಕೈಗೆಟುಕುವ ರೂಪದಲ್ಲಿರುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲೆಯೇ ಹೊರಿಸಿದೆ. ಆ ಕಾಯ್ದೆಯನ್ನು ಉಲ್ಲೇಖಿಸಿದ ಸುತ್ತೋಲೆಯೂ ನನಗೆ ಸ್ಕ್ಯಾನ್ ಆಗಿಯೇ ಬಂದಿತ್ತು.

ಹೊಸದಾಗಿ ಶುರು ಮಾಡುವವರಿಗೆ: ಕ್ಯಾಪ್ಸ್ ಲಾಕ್ ಅನ್ನು ಎನ್‌ವಿಡಿಎ ಕೀಲಿಯಾಗಿ (ಅದಕ್ಕೆ ಆಜ್ಞೆ ಕೊಡುವಾಗ ಜೊತೆಗೆ ಒತ್ತುವ ಕೀಲಿ) ಆರಿಸಿಕೊಳ್ಳಿ, ಲ್ಯಾಪ್‌ಟಾಪಿನಲ್ಲಿ ಇನ್ಸರ್ಟ್ ಹುಡುಕುವ ತಾಪತ್ರಯ ತಪ್ಪುತ್ತದೆ. ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಮಾಡಿಟ್ಟುಕೊಂಡರೆ ತರಬೇತಿಗೆ, ಬೇರೆ ಶಾಖೆಗೆ ಹೋದಾಗ ಅಲ್ಲಿಯ ಕಂಪ್ಯೂಟರಿನಲ್ಲೂ ಏನನ್ನೂ ಅಳವಡಿಸದೆ ಓಡುತ್ತದೆ. ಆ ಪ್ರತಿ ಲಾಗಿನ್ ಪರದೆಯನ್ನು ಓದಲಾರದು. ಒಳಗೆ ಹೋಗುವವರೆಗೆ ಯಾರನ್ನಾದರೂ ಕರೆಯಬೇಕು.